ಐದಾರು ಗಂಟೆ ಹಿಂದಿನ ಊಟ ಹೊಟ್ಟೆಗೆ ನೆನಪಿದೆ, ಎರಡು ಗಂಟೆ ಹಿಂದಿನ ಚಪ್ಪಲಿ ನಾಯಿಗೆ ನೆನಪಿಲ್ಲ, ಯಾಕೆ?

ಕಲ್ಪತರುನಾಡು (ಚರ್ಚೆ ಶುರು ಮಾಡಿದವರು)

ಎರಡು ವಿಷಯ ಬಹಳ ದಿನದಿಂದ ತಲೆ ಕೊರೆಯುತ್ತಿವೆ. ಗೊತ್ತಿರುವವರು ಬಿಡಿಸಿ ಹೇಳಿ.

ಹೋದ ವರ್ಷ ಮಂಗಳೂರಿನಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಮದುವೆ ಮುಗಿದ ಮಾರನೇ ದಿನ, ಮನೆ ತುಂಬಾ ನೆಂಟರು. ಅಲ್ಲಿ ಮೊದಲ ಸಲ ಮರುವಾಯಿ ಸುಕ್ಕ, ಅಂದರೆ ಕಪ್ಪೆಚಿಪ್ಪಿನ ಒಣ ಪಲ್ಯ, ತಿಂದೆ. ಬಹಳ ರುಚಿಯಾಗಿತ್ತು, ಮತ್ತೆ ಹಾಕಿಸಿಕೊಂಡೆ. ರಾತ್ರಿ ಬಸ್ಸು ಶಿರಾಡಿ ಘಾಟಿ ಹತ್ತುವಾಗ ವಾಂತಿ ಶುರುವಾಯಿತು. ಊಟ ಮಾಡಿ ಐದಾರು ಗಂಟೆ ಆಗಿತ್ತು. ಆಮೇಲೆ ಗೊತ್ತಾಯಿತು, ಆ ಮನೆಯಲ್ಲಿ ಹೊಟ್ಟೆಯ ವೈರಲ್ ಸೋಂಕು ಎಲ್ಲರಿಗೂ ಹರಡಿತ್ತಂತೆ. ಮರುವಾಯಿ ಮುಟ್ಟದ ಮಕ್ಕಳಿಗೂ ವಾಂತಿ ಆಗಿದೆ. ಅಂದರೆ ಮರುವಾಯಿಯದು ಏನೂ ತಪ್ಪಿಲ್ಲ, ಇದು ನನಗೆ ಚೆನ್ನಾಗಿ ಗೊತ್ತು. ಆದರೂ ಇವತ್ತಿಗೂ ಆ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ. ಅದೇ ಎಲೆಯಲ್ಲಿ ತಿಂದ ಅನ್ನ, ಕೋಳಿಸಾರು, ಪಾಯಸ ಯಾವುದೂ ಬೇಡ ಅನ್ನಿಸುವುದಿಲ್ಲ.

ಇನ್ನೊಂದು, ನಮ್ಮನೆ ನಾಯಿ ಚಪ್ಪಲಿ ಕಚ್ಚಿ ಹಾಕುತ್ತದೆ. ಕೆಲಸದಿಂದ ಬಂದು, ಹರಿದ ಚಪ್ಪಲಿ ಮುಂದೆ ಹಿಡಿದು ಗದರುತ್ತೇನೆ. ಕಿವಿ ಮಡಚಿ ಮೂಲೆ ಸೇರುತ್ತದೆ. ಮಾರನೇ ದಿನ ಮತ್ತೊಂದು ಚಪ್ಪಲಿ.

ನನ್ನ ಪ್ರಶ್ನೆ ಇಷ್ಟೇ. ಮಿದುಳು ಒಂದು ಕಡೆ ಐದಾರು ಗಂಟೆ ಹಿಂದಕ್ಕೆ ಹೋಗಿ ಗಂಟು ಹಾಕುತ್ತದೆ, ಅದೂ ತಪ್ಪು ಗಂಟು. ಇನ್ನೊಂದು ಕಡೆ ಎರಡು ಗಂಟೆಯ ಅಂತರವನ್ನೂ ದಾಟುವುದಿಲ್ಲ. ಮಧ್ಯದಲ್ಲಿ ಇಷ್ಟೊಂದು ಸಂಗತಿ ನಡೆದಿರುವಾಗ ಯಾವುದನ್ನು ಯಾವುದಕ್ಕೆ ಸೇರಿಸಬೇಕು ಅಂತ ಮಿದುಳಿಗೆ ಹೇಗೆ ಗೊತ್ತಾಗುತ್ತದೆ?

ಫಿಲ್ಟರ್‌ಕಾಫಿ

ನನ್ನದೂ ಇದೇ ಕಥೆ, ಮರುವಾಯಿ ಬದಲು ಗೋಬಿ ಮಂಚೂರಿ. ಉತ್ತರಕ್ಕೆ ಕಾಯ್ತಾ ಇದ್ದೇನೆ.

ನರಕೋಶ

ಮೊದಲು ತಲೆಬರಹದ ಬಗ್ಗೆ ಒಂದು ತಕರಾರು. ನಾಯಿ ಚಪ್ಪಲಿಯನ್ನು ಮರೆತಿಲ್ಲ. ಬೈಗುಳಕ್ಕೂ ಚಪ್ಪಲಿಗೂ ನಡುವೆ ಗಂಟು ಬಿದ್ದಿಲ್ಲ, ಅಷ್ಟೇ. ನೆನಪಿರುವುದು ಬೇರೆ, ಎರಡು ನೆನಪು ಜೋಡಿಯಾಗುವುದು ಬೇರೆ.

ನಿಮ್ಮ ಮರುವಾಯಿ ಪ್ರಶ್ನೆಗೆ ದಾರಿ ತೋರಿಸಿದವರು ಅಮೆರಿಕದ ಜಾನ್ ಗಾರ್ಸಿಯಾ. 1955ರಲ್ಲೇ ಅವರು ಇಲಿಗಳಿಗೆ ಸ್ಯಾಕರಿನ್ ಹಾಕಿದ ಸಿಹಿನೀರು ಕೊಟ್ಟು, ವಿಕಿರಣಕ್ಕೆ ಒಡ್ಡಿ ನೋಡಿದ್ದರು. ವಿಕಿರಣದಿಂದ ಹೊಟ್ಟೆ ಕೆಟ್ಟ ಇಲಿಗಳು ಆಮೇಲೆ ಸಿಹಿನೀರು ಮುಟ್ಟಲಿಲ್ಲ. 1966ರಲ್ಲಿ ಅವರೂ ಕೆಲ್ಲಿಂಗ್ ಅನ್ನುವವರೂ ಸೇರಿ ಮಾಡಿದ ಪ್ರಯೋಗ ಇನ್ನೂ ಚೆಂದ. ಇಲಿ ನೀರು ನೆಕ್ಕಿದಾಗಲೆಲ್ಲ ಮೂರೂ ಒಟ್ಟಿಗೆ: ಬಾಯಿಗೆ ಸಿಹಿ, ಕಣ್ಣಿಗೆ ದೀಪದ ಮಿಂಚು, ಕಿವಿಗೆ ಟಿಕ್ ಅನ್ನುವ ಸದ್ದು. ಆಮೇಲೆ ಕೆಲವು ಇಲಿಗಳಿಗೆ ಹೊಟ್ಟೆ ಕೆಡಿಸಿದರು, ಕೆಲವಕ್ಕೆ ಕಾಲಿಗೆ ಕರೆಂಟ್ ಶಾಕ್ ಕೊಟ್ಟರು. ಹೊಟ್ಟೆ ಕೆಟ್ಟ ಇಲಿಗಳು ಸಿಹಿಯನ್ನು ಮಾತ್ರ ಬಿಟ್ಟವು, ದೀಪ-ಸದ್ದಿನ ನೀರನ್ನು ಆರಾಮಾಗಿ ಕುಡಿದವು. ಶಾಕ್ ತಿಂದ ಇಲಿಗಳು ಉಲ್ಟಾ: ದೀಪ-ಸದ್ದಿಗೆ ಹೆದರಿದವು, ಸಿಹಿಯನ್ನು ಕುಡಿದವು.

ಅಂದರೆ ಮಿದುಳು ಎಲ್ಲವನ್ನೂ ಎಲ್ಲದಕ್ಕೂ ಸಮನಾಗಿ ಜೋಡಿಸುವುದಿಲ್ಲ. ಹೊಟ್ಟೆ ಕೆಟ್ಟರೆ ಅನುಮಾನ ಮೊದಲು ರುಚಿಯ ಮೇಲೆ. ಮೈಗೆ ನೋವಾದರೆ ಅನುಮಾನ ಕಂಡದ್ದರ, ಕೇಳಿದ್ದರ ಮೇಲೆ. ಅಂತರದ ವಿಷಯಕ್ಕೆ ಬಂದರೆ, ರುಚಿಗೂ ಕಾಯಿಲೆಗೂ ನಡುವೆ 12 ಗಂಟೆ ಇದ್ದರೂ ಇಲಿಗಳು ಕಲಿತವು ಅಂತ 1967ರಲ್ಲಿ ಬೇರೆಯವರು ತೋರಿಸಿದರು. ಎರಡು ಘಟನೆಗಳ ನಡುವೆ ಕೆಲವೇ ಸೆಕೆಂಡು ಇರಬೇಕು ಅಂತ ನಂಬಿದ್ದ ಕಾಲ ಅದು. ಗಾರ್ಸಿಯಾ ಅವರ ಲೇಖನಗಳನ್ನು ಪತ್ರಿಕೆಗಳು ವಾಪಸ್ ಕಳಿಸುತ್ತಿದ್ದವು.

ಪಾಯಸ ಯಾಕೆ ತಪ್ಪಿಸಿಕೊಂಡಿತು? ಪಾಯಸ ನೀವು ಚಿಕ್ಕಂದಿನಿಂದ ತಿಂದು ಏನೂ ಆಗದ ಪದಾರ್ಥ. ಮರುವಾಯಿ ಹೊಸದು. ಹೊಸ ರುಚಿಯ ಮೇಲೇ ಹೆಚ್ಚು ಅನುಮಾನ ಬೀಳುತ್ತದೆ.

ಭತ್ತದಗದ್ದೆ

ಇದನ್ನು ನಮ್ಮ ಕಡೆ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲಿ ಪಾಷಾಣ, ಅಂದರೆ ಜಿಂಕ್ ಫಾಸ್ಫೈಡ್, ಅದನ್ನು ನೇರವಾಗಿ ಇಟ್ಟರೆ ಇಲಿ ಸ್ವಲ್ಪ ರುಚಿ ನೋಡುತ್ತದೆ. ಸಾಯದೆ ಬರೀ ಹೊಟ್ಟೆ ಕೆಟ್ಟರೆ ಮುಗಿಯಿತು, ಆ ಇಲಿ ಮತ್ತೆ ಆ ತಿನಿಸಿನ ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಮೊದಲು ಎರಡು ಮೂರು ದಿನ ವಿಷ ಇಲ್ಲದ ನುಚ್ಚು, ಎಣ್ಣೆ ಕಲಸಿ ಬಿಲದ ಹತ್ತಿರ ಇಡಬೇಕು. ಅಭ್ಯಾಸ ಆದ ಮೇಲೆ ವಿಷ. ನರಕೋಶ ಹೇಳಿದ "ಹಳೇ ರುಚಿ ಮೇಲೆ ಅನುಮಾನ ಬೀಳಲ್ಲ" ಅನ್ನುವುದನ್ನೇ ನಾವು ಗದ್ದೆಯಲ್ಲಿ ಬಳಸುತ್ತಿದ್ದೇವೆ.

ಬ್ರೊಮಾಡಿಯೋಲೋನ್ ಬಂದ ಮೇಲೆ ಈ ತಾಪತ್ರಯ ಕಡಿಮೆ. ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಇಲಿ ಸಾಯಲು ಕೆಲವು ದಿನ ಹಿಡಿಯುತ್ತದೆ. ಅಷ್ಟು ದಿನದ ಅಂತರವನ್ನು ಇಲಿ ಮಿದುಳೂ ದಾಟುವುದಿಲ್ಲ. ಸುಸ್ತಾಗುವ ಹೊತ್ತಿಗೆ ಏನು ತಿಂದದ್ದರಿಂದ ಹೀಗಾಯಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆದರೆ ಸತ್ತ ಇಲಿಯನ್ನು ಹೂತು ಹಾಕಿ ಮಾರಾಯರೇ. ಗೂಬೆ, ನಾಯಿ ತಿಂದರೆ ಅವಕ್ಕೂ ವಿಷವೇ.

ಹಳೇಮೇಷ್ಟ್ರು

ಇಷ್ಟೆಲ್ಲ ಸುತ್ತಿ ಬಳಸಿ ಹೇಳಬೇಕಾ? ಮನುಷ್ಯ ಆಮೇಲೆ ಕೂತು ಯೋಚಿಸುತ್ತಾನೆ, "ಏನು ತಿಂದೆ" ಅಂತ ನೆನಪು ಮಾಡಿಕೊಳ್ಳುತ್ತಾನೆ, ಕಾರಣ ಹುಡುಕುತ್ತಾನೆ. ಬುದ್ಧಿ ಇದ್ದಲ್ಲಿ ಅಂತರ ದಾಟುವುದು ದೊಡ್ಡ ವಿಷಯವೇ ಅಲ್ಲ.

ನರಕೋಶ

ಮೇಷ್ಟ್ರೇ, ಒಪ್ಪುವುದು ಕಷ್ಟ. ಕಲ್ಪತರುನಾಡು ಅವರು ಯೋಚಿಸಿಯೇ ನೋಡಿದ್ದಾರೆ, ವೈರಸ್ ಅಂತ ತೀರ್ಮಾನಕ್ಕೂ ಬಂದಿದ್ದಾರೆ. ಆದರೂ ಹೊಟ್ಟೆ ಕೇಳುತ್ತಿಲ್ಲ. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಅವರಿಗೂ ಹೀಗೇ ಆಗಿತ್ತು. ಬೆಯಾರ್ನೇಸ್ ಅನ್ನುವ ಸಾಸ್ ತಿಂದ ರಾತ್ರಿ ಹೊಟ್ಟೆಯ ಫ್ಲೂ ಬಂತು. ಕಾರಣ ಗೊತ್ತಿದ್ದೂ ಆ ಸಾಸ್ ಅವರಿಗೆ ಸೇರದಾಯಿತು.

ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ, ಇಲಿಗೆ ರುಚಿ ತೋರಿಸಿ, ಅರಿವಳಿಕೆ ಕೊಟ್ಟು ಮಲಗಿಸಿ, ಪ್ರಜ್ಞೆ ಇಲ್ಲದಾಗ ಹೊಟ್ಟೆ ಕೆಡಿಸಿದರೂ ಎದ್ದ ಮೇಲೆ ಆ ರುಚಿ ಬಿಡುತ್ತದೆ. ಯೋಚನೆಗೆ ಅಲ್ಲಿ ಜಾಗವೇ ಇಲ್ಲ.

ಬಿಟಿಎಂಲೇಔಟ್

ಎಲ್ಲರೂ ದೊಡ್ಡದು ಮಾಡ್ತಿದ್ದೀರಿ. ಉತ್ತರ ಡೋಪಮೈನ್ ಅನ್ನುವ ಮಿದುಳಿನ ರಾಸಾಯನಿಕ. ಬಹುಮಾನ ಬಂದಾಗ ಡೋಪಮೈನ್ ಬಿಡುಗಡೆ ಆಗುತ್ತದೆ, ಅದಕ್ಕೆ ಮುಂಚೆ ಕೆಲಸ ಮಾಡಿದ ನರಕೋಶಗಳ ಸಂಪರ್ಕ ಗಟ್ಟಿಯಾಗುತ್ತದೆ. ನಾಯಿಗೂ ಅಷ್ಟೇ, ನಮಗೂ ಅಷ್ಟೇ.

ನರಕೋಶ

ಡೋಪಮೈನ್ ದೊಡ್ಡ ಭಾಗ, ಒಪ್ಪುತ್ತೇನೆ. ಆದರೆ ಸಮಯ ನೋಡಿ. 2014ರಲ್ಲಿ ಜಪಾನಿನ ತಂಡವೊಂದು ಇಲಿ ಮಿದುಳಿನ ಒಂದೊಂದೇ ಸಂಪರ್ಕ ಬಿಂದುವಿನ ಮೇಲೆ ಇದನ್ನು ಅಳೆಯಿತು. ಬಿಂದು ಚುರುಕಾದ ಮೇಲೆ 0.3 ಸೆಕೆಂಡಿನಿಂದ 2 ಸೆಕೆಂಡಿನ ಒಳಗೆ ಡೋಪಮೈನ್ ಬಂದರೆ ಮಾತ್ರ ಅದು ಬೆಳೆಯಿತು. ಐದು ಸೆಕೆಂಡು ತಡವಾದರೆ ಕೆಲಸ ಕೆಟ್ಟಿತು. ಇದು ನಾಯಿಗೆ ಬಿಸ್ಕತ್ತು ಕೊಡುವುದಕ್ಕೆ ಸರಿ. ಐದಾರು ಗಂಟೆಯ ಮರುವಾಯಿಗೆ ಸಾಕಾಗುವುದಿಲ್ಲ.

ನಾನು ಒತ್ತಿ ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಮಿದುಳಿನಲ್ಲಿ ಸಮಯದ ಅಂತರ ದಾಟಲು ಒಂದೇ ಉಪಾಯ ಇಲ್ಲ. ಕಾಲು ಸೆಕೆಂಡಿಗೆ ಒಂದು, ಕೆಲವು ಸೆಕೆಂಡಿಗೆ ಇನ್ನೊಂದು, ಗಂಟೆಗಳಿಗೆ ಮತ್ತೊಂದು. ಎಲ್ಲದಕ್ಕೂ ಒಂದೇ ಉತ್ತರ ಹುಡುಕಲು ಹೋದಾಗಲೇ ಗೊಂದಲ.

ಶ್ವಾನಮಿತ್ರ

ನಾಯಿ ವಿಷಯಕ್ಕೆ ಬರ್ತೀನಿ, ಅದು ನನ್ನ ಕೆಲಸ. ಕಲ್ಪತರುನಾಡು ಅವರೇ, ದಯವಿಟ್ಟು ಬಂದ ಮೇಲೆ ಗದರುವುದನ್ನು ಇವತ್ತೇ ನಿಲ್ಲಿಸಿ. ಆ ಕಿವಿ ಮಡಚುವುದು ತಪ್ಪಿನ ಅರಿವಲ್ಲ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ತಿನ್ನಬೇಡ ಅಂದ ತಿಂಡಿ ತಿಂದ ನಾಯಿ, ತಿನ್ನದ ನಾಯಿ, ಎರಡರಲ್ಲೂ ಆ "ತಪ್ಪಾಯ್ತು" ಮುಖ ಬಂದದ್ದು ಯಜಮಾನ ಬೈದಾಗ. ತಪ್ಪು ಮಾಡಿತ್ತೋ ಇಲ್ಲವೋ ಅನ್ನುವುದಕ್ಕೂ ಮುಖಕ್ಕೂ ಸಂಬಂಧ ಇರಲಿಲ್ಲ.

ನಿಮ್ಮ ನಾಯಿ ಜೋಡಿಸುತ್ತಿರುವುದು ಬೇರೆ ಎರಡನ್ನು: ಗೇಟಿನ ಸದ್ದು, ನಿಮ್ಮ ಕೋಪ. ಸ್ವಲ್ಪ ದಿನ ಬಿಟ್ಟರೆ ನೀವು ಬರುವುದೇ ಅದಕ್ಕೆ ಹೆದರಿಕೆ ಆಗುತ್ತದೆ.

ನಾವು ಕ್ಲಿಕ್ಕರ್, ಅಂದರೆ ಒತ್ತಿದರೆ ಕ್ಲಿಕ್ ಅನ್ನುವ ಸಣ್ಣ ಸಾಧನ, ಬಳಸುವುದು ಈ ಅಂತರ ದಾಟಲಿಕ್ಕೇ. ಮೊದಲು ಕ್ಲಿಕ್ ಅಂದ ತಕ್ಷಣ ತಿಂಡಿ, ಹೀಗೆ ಮತ್ತೆ ಮತ್ತೆ. ಆಮೇಲೆ ನಾಯಿ ಸರಿಯಾಗಿ ಕೂತ ಆ ಕ್ಷಣಕ್ಕೇ ಕ್ಲಿಕ್. ತಿಂಡಿ ಜೇಬಿನಿಂದ ತೆಗೆಯುವಷ್ಟರಲ್ಲಿ ನಾಯಿ ಎದ್ದು, ಮೂಸಿ, ಬಾಲ ಆಡಿಸಿ ಮುಗಿಸಿರುತ್ತದೆ. ಆದರೆ ಗುರುತು ಬಿದ್ದದ್ದು ಕೂತ ಕ್ಷಣದ ಮೇಲೆ. ಚಪ್ಪಲಿಗೆ ಸುಲಭದ ದಾರಿ ಚಪ್ಪಲಿ ಗೂಡಿಗೆ ಬಾಗಿಲು ಹಾಕಿಸಿ, ಕಚ್ಚಲು ಅದರದ್ದೇ ಒಂದು ಆಟಿಕೆ ಕೊಡುವುದು.

ಫಿಲ್ಟರ್‌ಕಾಫಿ

ಗೇಟಿನ ಸದ್ದಿನ ಮಾತು ಕೇಳಿ ಬೇಜಾರಾಯಿತು. ಪಾಪ.

ಬಳ್ಳಾರಿರಸ್ತೆ

ನಮ್ಮ ಬೆಂಗಳೂರಿನಲ್ಲೇ ಇದರ ಮೇಲೆ ಒಳ್ಳೆಯ ಕೆಲಸ ಆಗಿದೆ, ಯಾರೂ ಹೇಳಲಿಲ್ಲ. ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಉಪಿಂದರ್ ಭಲ್ಲಾ ಅವರ ಪ್ರಯೋಗಾಲಯದಲ್ಲಿ ಆದದ್ದು. 2014ರಲ್ಲಿ ಪ್ರಕಟವಾದ ಕೆಲಸ.

ಸುಂಡಿಲಿಗೆ ಒಂದು ಸದ್ದು ಕೇಳಿಸುತ್ತಾರೆ. ಸದ್ದು ನಿಲ್ಲುತ್ತದೆ. ಕಾಲು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣಿಗೆ ಮೆಲ್ಲಗೆ ಗಾಳಿ ಊದುತ್ತಾರೆ. ಕೆಲವು ಸಲ ಆದ ಮೇಲೆ ಇಲಿ ಗಾಳಿ ಬರುವ ಮೊದಲೇ, ಆ ಖಾಲಿ ಕಾಲು ಸೆಕೆಂಡಿನಲ್ಲೇ ಕಣ್ಣು ಮುಚ್ಚುತ್ತದೆ. ಇದನ್ನು ಕಲಿಯುತ್ತಿರುವಾಗಲೇ ಮಿದುಳಿನಲ್ಲಿ ನೆನಪು ಕಟ್ಟುವ ಹಿಪೊಕ್ಯಾಂಪಸ್ ಭಾಗದ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಲಿತ ಇಲಿಗಳಲ್ಲಿ ಆ ನರಕೋಶಗಳು ಸದ್ದಿನಿಂದ ಗಾಳಿಯವರೆಗೆ ಸಾಲಾಗಿ ಒಂದಾದ ಮೇಲೊಂದು ಚುರುಕಾದವು. ಒಂದು ಸುಮ್ಮನಾಗುವಾಗ ಇನ್ನೊಂದು ಏಳುತ್ತದೆ. ಖಾಲಿ ಅಂತರವನ್ನು ಹೀಗೆ ತುಂಬುತ್ತವೆ.

ಸದ್ದು ನಡೆಯುತ್ತಿರುವಾಗಲೇ ಗಾಳಿ ಊದಿದರೆ ಹಿಪೊಕ್ಯಾಂಪಸ್ ಇಲ್ಲದಿದ್ದರೂ ಪ್ರಾಣಿ ಕಲಿಯುತ್ತದೆ. ಮಿದುಳಿನ ಹಿಂಭಾಗದ ಸೆರೆಬೆಲ್ಲಮ್ ಸಾಕು. 1990ರಲ್ಲಿ ಮೊಲಗಳ ಮೇಲೆ ನೋಡಿದ್ದಾರೆ, ಹಿಪೊಕ್ಯಾಂಪಸ್ ತೆಗೆದ ಮೊಲಗಳಿಗೆ ಅರ್ಧ ಸೆಕೆಂಡಿನ ಅಂತರ ದಾಟಲು ಆಗಲಿಲ್ಲ. ಅರ್ಧ ಸೆಕೆಂಡು! ಮನುಷ್ಯರಲ್ಲೂ ಹಾಗೇ. 1998ರಲ್ಲಿ ಕ್ಲಾರ್ಕ್ ಮತ್ತು ಸ್ಕ್ವೈರ್, ಮರೆವಿನ ರೋಗಿಗಳಿಗೆ ಅಂತರ ಇಲ್ಲದ ಪಾಠ ಬಂತು, ಅಂತರ ಇರುವ ಪಾಠ ಬರಲಿಲ್ಲ ಅಂತ ತೋರಿಸಿದರು.

ಹಳೇಮೇಷ್ಟ್ರು

ಅದೇ ಪ್ರಯೋಗದಲ್ಲಿ ಇನ್ನೊಂದು ಮಾತಿದೆ ಸಾರ್, ಅದನ್ನು ಬಿಟ್ಟಿರಿ. ಆರೋಗ್ಯವಂತರಲ್ಲೂ "ಸದ್ದಾದ ಮೇಲೆ ಗಾಳಿ ಬರುತ್ತದೆ" ಅಂತ ಗಮನಿಸಿದವರೇ ಅಂತರದ ಪಾಠ ಕಲಿತದ್ದು. ಅಂದರೆ ಅರಿವು ಬೇಕು. ನಾನು ಮೊದಲು ಹೇಳಿದ್ದಕ್ಕೆ ಇದು ಬಲ ಕೊಡುತ್ತದೆ.

ನರಕೋಶ

ಕಣ್ಣು ಮಿಟುಕಿಸುವ ಪಾಠಕ್ಕೆ ಬಲ ಕೊಡುತ್ತದೆ, ಮೇಷ್ಟ್ರೇ, ರುಚಿಯ ಪಾಠಕ್ಕಲ್ಲ. ಆ ಅರಿವಿನ ಮಾತನ್ನೂ ಬೇರೆ ತಂಡಗಳು ಪ್ರಶ್ನಿಸಿವೆ, ಜಗಳ ಇನ್ನೂ ಮುಗಿದಿಲ್ಲ. ಎರಡು ಬೇರೆ ದಾರಿ ಅನ್ನುವ ನನ್ನ ಮಾತು ಹಾಗೇ ನಿಲ್ಲುತ್ತದೆ.

ಬಳ್ಳಾರಿರಸ್ತೆ ಅವರು ಹೇಳಿದ ಸಾಲುಸಾಲಾಗಿ ಏಳುವ ನರಕೋಶಗಳ ಬಗ್ಗೆಯೂ ಜಗಳ ಇದೆ. 2011ರಲ್ಲಿ ಬಾಸ್ಟನ್ನಿನ ಹೋವರ್ಡ್ ಐಕೆನ್‌ಬಾಮ್ ತಂಡ, ಇಲಿ ಸುಮಾರು ಹತ್ತು ಸೆಕೆಂಡು ಕಾಯುವಾಗಲೂ ಹಿಪೊಕ್ಯಾಂಪಸ್ಸಿನ ಕೋಶಗಳು ಸರದಿಯಲ್ಲಿ ಏಳುತ್ತವೆ ಅಂತ ತೋರಿಸಿತು. ಅವಕ್ಕೆ ಕಾಲಕೋಶ ಅಂತಲೇ ಹೆಸರಾಯಿತು. ಆದರೆ 2020ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಸದ್ದಿಗೂ ಗಾಳಿಗೂ ನಡುವೆ 15 ಸೆಕೆಂಡು ಬಿಟ್ಟು ನೋಡಿದಾಗ ಆ ಸರದಿ ಸಿಗಲೇ ಇಲ್ಲ. ಅಂತರದ ಹೊತ್ತಿನಲ್ಲಿ ಕೋಶಗಳು ಅಲ್ಲೊಂದು ಇಲ್ಲೊಂದು ಮಿನುಗಿದವು, ಅಷ್ಟೇ. ಆದರೂ ಯಾವ ಕೋಶಗಳು ಮಿನುಗಿದವು ಅನ್ನುವುದನ್ನು ನೋಡಿದರೆ ಇಲಿ ಯಾವ ಸದ್ದು ಕೇಳಿತ್ತು ಅಂತ ಹೇಳಬಹುದಿತ್ತು. ನೆನಪನ್ನು ಎಡೆಬಿಡದೆ ಎಚ್ಚರವಾಗಿ ಇಡುವ ಬದಲು, ಆಗಾಗ ಮಾತ್ರ ತಟ್ಟಿ ಇಟ್ಟುಕೊಳ್ಳುತ್ತದೆ ಅಂತ ಅರ್ಥ. ಶಕ್ತಿಯ ಖರ್ಚೂ ಕಡಿಮೆ.

ಬಿಟಿಎಂಲೇಔಟ್

ಸರಿ, ಹಾಗಾದರೆ ಐದಾರು ಗಂಟೆ ಹೇಗೆ? ಯಾವ ಕೋಶವೂ ಐದಾರು ಗಂಟೆ ಮಿನುಗುತ್ತಾ ಕೂರುವುದಿಲ್ಲ ಅಲ್ವಾ?

ನರಕೋಶ

ಕೂರುವುದಿಲ್ಲ. ಇದಕ್ಕೆ ಈಗ ಒಂದು ಒಳ್ಳೆಯ ಉತ್ತರ ಇದೆ, 2025ರದ್ದು, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ. ಸುಂಡಿಲಿಗೆ ಅದು ಎಂದೂ ಕುಡಿಯದ ದ್ರಾಕ್ಷಿ ರುಚಿಯ ಪಾನೀಯ ಕೊಟ್ಟರು. ಅರ್ಧ ಗಂಟೆ ಬಿಟ್ಟು ಹೊಟ್ಟೆ ಕೆಡಿಸಿದರು. ಅಮಿಗ್ಡಲಾ ಅನ್ನುವ ಭಾಗದಲ್ಲಿ ಆ ರುಚಿಗೆ ಏಳುವ ಕೋಶಗಳನ್ನು ಗುರುತು ಹಿಡಿದು ನೋಡುತ್ತಾ ಇದ್ದರು. ಹೊಟ್ಟೆ ತೊಳಸಿದಾಗ ಮಿದುಳಿನ ಬುಡದಿಂದ ಸಂದೇಶ ಬಂತು, ಬಾಯಲ್ಲಿ ದ್ರಾಕ್ಷಿ ರುಚಿ ಇಲ್ಲದಿದ್ದರೂ ಅದೇ ಕೋಶಗಳು ಮತ್ತೆ ಎದ್ದವು. ರುಚಿ ಹಳೆಯದಾಗಿದ್ದರೆ ಹೀಗೆ ಏಳುವುದು ಬಹಳ ಕಡಿಮೆ.

ಅಂದರೆ ಮಿದುಳು ಅಂತರವನ್ನು ಇಡೀ ಹೊತ್ತು ಹೊತ್ತುಕೊಂಡು ಕೂರುವುದಿಲ್ಲ. ಕಾಯಿಲೆಯೇ ಹಿಂದಕ್ಕೆ ಹೋಗಿ ಹೊಸ ರುಚಿಯನ್ನು ಎಬ್ಬಿಸುತ್ತದೆ. ಎರಡೂ ಆಗ ಒಟ್ಟಿಗೆ ಎಚ್ಚರವಾಗಿರುವುದರಿಂದ ಗಂಟು ಬೀಳುತ್ತದೆ. ನಿಮ್ಮ ವೈರಸ್ಸು ಶಿರಾಡಿ ಘಾಟಿಯಲ್ಲಿ ಮಾಡಿದ್ದೂ ಇದನ್ನೇ ಇರಬೇಕು.

ಕಲ್ಪತರುನಾಡು

ಇದು ಓದಿ ಮೈ ಜುಂ ಅಂದಿತು. ನಾನು ರುಚಿ ನೆನಪು ಮಾಡಿಕೊಂಡೆ ಅಂದುಕೊಂಡಿದ್ದೆ. ಹೊಟ್ಟೆಯೇ ನೆನಪು ಮಾಡಿಸಿದೆ.

ಭತ್ತದಗದ್ದೆ

ಇಲಿ ವಾಂತಿ ಮಾಡುವುದಿಲ್ಲ, ಗೊತ್ತಾ? ಅದಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಒಳಗೆ ಹೋದ ವಿಷ ಹೊರಗೆ ಹಾಕಲು ದಾರಿ ಇಲ್ಲದ ಪ್ರಾಣಿ ಇಷ್ಟು ಹುಷಾರಾಗಿರಲೇಬೇಕು.

ಮೂರನೇಬೆಂಚ್

ಉಲ್ಟಾ ಉದಾಹರಣೆ ನನ್ನದು. ರಕ್ತ ಕುಡಿಯುವ ಬಾವಲಿಗಳು ಈ ಪಾಠ ಕಲಿಯುವುದೇ ಇಲ್ಲ. 2003ರಲ್ಲಿ ನೋಡಿದ್ದಾರೆ, ಹಣ್ಣು ಮತ್ತು ಹುಳ ತಿನ್ನುವ ಬಾವಲಿಗಳು ಹೊಟ್ಟೆ ಕೆಟ್ಟ ರುಚಿಯನ್ನು ಬಿಟ್ಟವು, ರಕ್ತ ಕುಡಿಯುವ ಬಾವಲಿಗಳು ಬಿಡಲಿಲ್ಲ. ಒಂದೇ ಆಹಾರ ಇರುವ ಪ್ರಾಣಿಗೆ ಅನುಮಾನ ಪಟ್ಟು ಪ್ರಯೋಜನ ಏನು?

ಶಾಲೆಗಂಟೆ

ನಾನು ಪ್ರಾಥಮಿಕ ಶಾಲೆ ಟೀಚರ್. ಮಕ್ಕಳ ಪಾಠಕ್ಕೆ ಇದರಿಂದ ಏನಾದರೂ ಉಪಯೋಗ ಇದೆಯಾ? ಒಂದು ಪಿರಿಯಡ್ಡಿನಲ್ಲಿ ಆದದ್ದು ಇನ್ನೊಂದಕ್ಕೆ ಅಂಟಿಕೊಳ್ಳುತ್ತದಾ?

ಬಳ್ಳಾರಿರಸ್ತೆ

ಅಂಟಿಕೊಳ್ಳುತ್ತದೆ ಮೇಡಂ. 1997ರಲ್ಲಿ ಫ್ರೈ ಮತ್ತು ಮಾರಿಸ್ ಅನ್ನುವವರು ಇಲಿ ಮಿದುಳಿನ ತುಣುಕಿನಲ್ಲಿ ಕಂಡದ್ದು ಇದು. ಸಣ್ಣ ಪ್ರಚೋದನೆ ಆದ ಸಂಪರ್ಕ ಬಿಂದುವಿನಲ್ಲಿ ಒಂದು ಗುರುತು ಮಾತ್ರ ಬೀಳುತ್ತದೆ, ತಾನಾಗಿ ಅದು ಉಳಿಯುವುದಿಲ್ಲ. ಆದರೆ ಅದೇ ಕೋಶದ ಇನ್ನೊಂದು ಕಡೆ ಜೋರಾದ ಪ್ರಚೋದನೆ ಒಂದೆರಡು ಗಂಟೆಯೊಳಗೆ ಆದರೆ, ಆಗ ತಯಾರಾದ ಪ್ರೋಟೀನು ಗುರುತಿದ್ದ ಬಿಂದುವಿಗೂ ಸಿಗುತ್ತದೆ. ಎಪಿಎಂಸಿಯಲ್ಲಿ ಚೀಲದ ಮೇಲೆ ಗುರುತು ಹಾಕಿಟ್ಟು, ಲಾರಿ ಬಂದಾಗ ಗುರುತಿನ ಚೀಲ ಮಾತ್ರ ಹತ್ತಿಸುತ್ತಾರಲ್ಲ, ಹಾಗೆ.

ಅರ್ಜೆಂಟೀನಾದವರು ಇದನ್ನು ಶಾಲೆಗೇ ತೆಗೆದುಕೊಂಡು ಹೋದರು, 2013ರಲ್ಲಿ ಪ್ರಕಟಿಸಿದರು. ಮಕ್ಕಳಿಗೆ ಒಂದು ಕಥೆ ಓದಿ ಹೇಳಿದರು. ಕೆಲವು ತರಗತಿಗಳಿಗೆ ಆ ಕಥೆಗೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ, ಕಥೆಗೆ ಸಂಬಂಧವೇ ಇಲ್ಲದ ಹೊಸ ಬಗೆಯ ವಿಜ್ಞಾನದ ಪಾಠ. ಆ ಮಕ್ಕಳಿಗೆ ಮಾರನೇ ದಿನ ಕಥೆ ಹೆಚ್ಚು ನೆನಪಿತ್ತು. ನಾಲ್ಕು ಗಂಟೆ ಅಂತರ ಬಿಟ್ಟರೆ ಲಾಭ ಇಲ್ಲ.

ಶಾಲೆಗಂಟೆ

ಅಂದರೆ ಪದ್ಯ ಕಲಿಸಿದ ಮೇಲಿನ ಪಿರಿಯಡ್ಡಿಗೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಇರುವೆ ಗೂಡು ತೋರಿಸಬಹುದು. ಸೋಮವಾರ ಮಾಡುತ್ತೇನೆ.

ಹಳೇಮೇಷ್ಟ್ರು

ಮಾಡಿ ಟೀಚರ್. ಆದರೆ ಇರುವೆ ಗೂಡು ಪ್ರತಿ ದಿನ ಆದರೆ ಹೊಸದು ಅನ್ನಿಸುವುದಿಲ್ಲ, ಅದನ್ನು ನೋಡಿಕೊಳ್ಳಿ. ನಾನು ಪಾಠ ಮಾಡುವ ಕಾಲದಲ್ಲಿ ಗ್ರಹಣ ನಡೆದ ದಿನ ಹೇಳಿಕೊಟ್ಟ ಲೆಕ್ಕವನ್ನು ಹುಡುಗರು ದೊಡ್ಡವರಾದ ಮೇಲೂ ನೆನಪಿಸುತ್ತಿದ್ದರು.

ಮೂರನೇಬೆಂಚ್

ಇದೇ ಥರ ಅಮೆರಿಕದ ವಿಶ್ವವಿದ್ಯಾಲಯವಾದ ಯುಸಿಎಲ್‌ಎಯವರ 2016ರ ಕೆಲಸ ಓದಿ. ಒಂದು ಇಲಿಯನ್ನು ಒಂದು ಪೆಟ್ಟಿಗೆಗೆ ಬಿಟ್ಟು, ಐದು ಗಂಟೆ ಬಿಟ್ಟು ಇನ್ನೊಂದು ಪೆಟ್ಟಿಗೆಗೆ ಬಿಟ್ಟರೆ ಎರಡರ ನೆನಪೂ ಬಹುಪಾಲು ಅದೇ ಕೋಶಗಳಲ್ಲಿ ಕೂರುತ್ತದೆ. ಎರಡನೆಯದರಲ್ಲಿ ಶಾಕ್ ಕೊಟ್ಟರೆ, ಏನೂ ಆಗದ ಮೊದಲ ಪೆಟ್ಟಿಗೆಯಲ್ಲೂ ಹೆದರುತ್ತದೆ. ಏಳು ದಿನ ಅಂತರ ಇದ್ದರೆ ಹಾಗಾಗುವುದಿಲ್ಲ. ವಯಸ್ಸಾದ ಇಲಿಗಳಲ್ಲಿ ಈ ಬೆಸುಗೆ ಕಡಿಮೆ. ಅಜ್ಜ-ಅಜ್ಜಿಯರಿಗೆ ಘಟನೆ ನೆನಪಿರುತ್ತದೆ, ಅದೇ ದಿನ ಇನ್ನೇನಾಯಿತು ಅನ್ನುವುದು ಸೇರುವುದಿಲ್ಲ. ಅದಕ್ಕೆ ಇದೇ ಕಾರಣ ಇರಬಹುದಾ?

ನರಕೋಶ

ಇರಬಹುದು. 2024ರದ್ದನ್ನೂ ಸೇರಿಸಿ: ಶಾಕ್ ಬಹಳ ಜೋರಾಗಿದ್ದರೆ ಇಲಿ ವಿಶ್ರಾಂತಿಯಲ್ಲಿರುವಾಗ ಮಿದುಳು ಎರಡು ದಿನ ಹಿಂದಿನ ನಿರಪಾಯದ ನೆನಪನ್ನೂ ಎಬ್ಬಿಸಿ ಅದಕ್ಕೆ ಭಯ ಅಂಟಿಸುತ್ತದೆ. ಆಘಾತ ಕಂಡವರು ಅದಕ್ಕೂ ಮೊದಲಿನ ಸಾಮಾನ್ಯ ಜಾಗಗಳಿಗೂ ಯಾಕೆ ಹೆದರುತ್ತಾರೆ ಅನ್ನುವುದಕ್ಕೆ ಇದು ಒಂದು ದಾರಿ ತೋರಿಸುತ್ತದೆ.

ತುಂಗಾತೀರ

ಸುಮ್ನೆ ಓದುತ್ತಾ ಇದ್ದೆ, ಈಗ ಕೇಳಲೇಬೇಕು ಅನ್ನಿಸಿತು. ಅಮ್ಮನಿಗೆ ಕೀಮೋ ನಡೆಯುತ್ತಿದೆ. ಹೋಗುವ ಮೊದಲು ಅವರಿಗೆ ಇಷ್ಟ ಅಂತ ಅಕ್ಕಿರೊಟ್ಟಿ, ಕಾಯಿಚಟ್ನಿ ಮಾಡಿಕೊಡುತ್ತಿದ್ದೆ. ಈಗ ಅಕ್ಕಿರೊಟ್ಟಿ ಕಂಡರೆ ಮುಖ ತಿರುಗಿಸುತ್ತಾರೆ. ಊಟವೇ ಕಡಿಮೆ ಆಗಿದೆ. ಇದೂ ಅದೇನಾ?

ನರಕೋಶ

ಅಕ್ಕ, ಅದೇ ಇರಬಹುದು. ವಾಂತಿ, ಬಾಯಿರುಚಿ ಕೆಡುವುದು ಔಷಧಿಯಿಂದ ನೇರವಾಗಿಯೂ ಬರುತ್ತದೆ, ಅದನ್ನು ಡಾಕ್ಟರಿಗೆ ಹೇಳಿ. ಆದರೆ ಒಂದೇ ತಿಂಡಿಯ ಮೇಲೆ ಇಷ್ಟು ಬೇಸರ ಅಂದರೆ ಗಂಟು ಬಿದ್ದಿರಬಹುದು. 1978ರಲ್ಲಿ ಇಲೀನ್ ಬರ್ನ್‌ಸ್ಟೀನ್, ಕೀಮೋಗೆ ಮೊದಲು ಹೊಸ ರುಚಿಯ ಐಸ್‌ಕ್ರೀಮ್ ತಿಂದ ಮಕ್ಕಳು ಆಮೇಲೆ ಅದನ್ನು ಬೇಡ ಅನ್ನುತ್ತಾರೆ ಅಂತ ತೋರಿಸಿದರು. ಔಷಧಿ ಕಾರಣ ಅಂತ ಮಕ್ಕಳಿಗೆ ಗೊತ್ತಿದ್ದರೂ ಹಾಗೆ.

ಅದೇ ಬರ್ನ್‌ಸ್ಟೀನ್ 1987ರಲ್ಲಿ ಒಂದು ಉಪಾಯ ಪರೀಕ್ಷಿಸಿದರು. ಊಟಕ್ಕೂ ಕೀಮೋಗೂ ನಡುವೆ ಮಕ್ಕಳಿಗೆ ಜೋರು ರುಚಿಯ, ಅವರಿಗೆ ಅಭ್ಯಾಸ ಇಲ್ಲದ ಒಂದು ಕ್ಯಾಂಡಿ ಕೊಟ್ಟರು. ಅನುಮಾನ ಕ್ಯಾಂಡಿಯ ಮೇಲೆ ಬೀಳಲಿ ಅಂತ. ಹಾಗೆ ಕ್ಯಾಂಡಿ ತಿಂದ ಮಕ್ಕಳಲ್ಲಿ ಆಮೇಲೆ ಆ ಊಟವನ್ನು ಮತ್ತೆ ತಿಂದವರು ಹೆಚ್ಚು.

ಅಮ್ಮನಿಗೆ ಇಷ್ಟವಾದ ತಿಂಡಿಗಳನ್ನು ಕೀಮೋ ದಿನ ಕೊಡಬೇಡಿ, ಹುಷಾರಾಗಿರುವ ದಿನಗಳಿಗೆ ಇಟ್ಟುಕೊಳ್ಳಿ. ಆ ದಿನ ಸಪ್ಪೆಯಾದದ್ದು ಸ್ವಲ್ಪ ಕೊಡಿ. ಅವರು ಎಂದೂ ತಿನ್ನದ ರುಚಿಯ ಪೆಪ್ಪರ್‌ಮೆಂಟೊಂದನ್ನು ಕೀಮೋಗೆ ಸ್ವಲ್ಪ ಮೊದಲು ಬಾಯಲ್ಲಿಟ್ಟುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆ, ಬಾಯಿಹುಣ್ಣು ಇದ್ದರೆ ಅದನ್ನೂ ಹೇಳಿ.

ತುಂಗಾತೀರ

ಸಕ್ಕರೆ ಇಲ್ಲ. ಶುಕ್ರವಾರ ಮುಂದಿನ ಸಲ ಇದೆ, ನಾಳೆಯೇ ಫೋನ್ ಮಾಡಿ ಕೇಳುತ್ತೇನೆ. ಅಕ್ಕಿರೊಟ್ಟಿ ಮತ್ತೆ ಸೇರುತ್ತದಾ?

ಕಲ್ಪತರುನಾಡು

ನಾನೂ ಅದನ್ನೇ ಕೇಳಬೇಕು ಅಂತಿದ್ದೆ, ಮರುವಾಯಿಗೆ.

ನರಕೋಶ

ಇಬ್ಬರಿಗೂ ಒಂದೇ ಉತ್ತರ. ಸೇರಬಹುದು, ಆದರೆ ನಿಧಾನ. ಹೊಟ್ಟೆ ಚೆನ್ನಾಗಿರುವ ದಿನ, ಬಹಳ ಸ್ವಲ್ಪ, ಒತ್ತಾಯ ಇಲ್ಲದೆ. ತಿಂದ ಮೇಲೆ ಏನೂ ಆಗದಿದ್ದರೆ ಆ ಗಂಟಿನ ಪಕ್ಕ "ಏನೂ ಆಗಲಿಲ್ಲ" ಅನ್ನುವ ಹೊಸ ನೆನಪು ಬೆಳೆಯುತ್ತದೆ. ಅಕ್ಕ, ನಿಮ್ಮ ಅಮ್ಮನಿಗೆ ಚಿಕಿತ್ಸೆ ಮುಗಿಯುವವರೆಗೆ ಅಕ್ಕಿರೊಟ್ಟಿ ಹತ್ತಿರ ತರಬೇಡಿ. ವರ್ಷಗಟ್ಟಲೆ ತಿಂದ ತಿಂಡಿ ಅದು, ಮರುವಾಯಿಗಿಂತ ಬೇಗ ವಾಪಸ್ ಬರುವ ಸಾಧ್ಯತೆ ಜಾಸ್ತಿ.